ಯಾರದೂ ಅಲ್ಲದ ವಾರ

ಕೊಟ್ರವ್ವನ ಮನೆಯ ದೇವರ ಜಗಲಿಯ ಮೇಲೆ ಇನ್ನೊಂದು ದೇವರನ್ನು ಇಡಲು ಜಾಗವಿರಲಿಲ್ಲ.

ಮಗ ಕೆಂಚವೀರಪ್ಪನಿಗೆ ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಕೆಲಸ ಸಿಕ್ಕಿತೆಂದು, ಜಗಳೂರು ಕಡೆಯ ಹಟ್ಟಿ ಬಿಟ್ಟು ಅವರು ಗಿರಣಿಯ ಊರಿನ ನಿಟ್ಟುವಳ್ಳಿಗೆ ಬಂದಾಗ ಗಾಡಿಯಲ್ಲಿ ಜೊತೆಗೆ ಬಂದ ದೇವರು ಒಬ್ಬನೇ. ಮನೆದೇವರು ಬೀರಪ್ಪ, ಅಂಗೈಯಗಲದ ಹಿತ್ತಾಳೆ ಮುಖ, ಹಿರಿಯರು ತಿಕ್ಕಿ ತಿಕ್ಕಿ ಮೂಗು ಸವೆದಿತ್ತು. ಹೊಸ ಊರಿಗೆ ಬಂದ ಮೇಲೆ ಆ ಊರಿನ ತಾಯಿಯನ್ನು ಬಿಟ್ಟು ಬಾಳುವುದು ಹೇಗೆಂದು ಕೊಟ್ರವ್ವ ದುರುಗಮ್ಮನನ್ನು ತಂದಳು. ಸೊಸೆ ಹಂಪವ್ವ ಮದುವೆಯಾಗಿ ಬರುವಾಗ ತವರಿನ ಉಚ್ಚಂಗೆಮ್ಮ ಅವಳ ಮಡಿಲಲ್ಲಿ ಬಂದಳು. ಹಂಪವ್ವನ ಮೊದಲ ಬಸಿರು ಐದನೇ ತಿಂಗಳಲ್ಲಿ ಇಳಿದುಹೋದಾಗ ಹನುಮಪ್ಪ ಬಂದ. ಎರಡನೆಯದೂ ಹಾಗೇ ಆದಾಗ ಮೈಲಾರಲಿಂಗ, ಕೊಟ್ಟೂರಯ್ಯ ಇಬ್ಬರೂ ಒಟ್ಟಿಗೆ ಬಂದರು. ಒಬ್ಬನಿಗೆ ಹರಕೆ ಹೊತ್ತು ಇನ್ನೊಬ್ಬನನ್ನು ಮರೆತರೆ ಆ ಇನ್ನೊಬ್ಬನಿಗೆ ಬೇಸರವಾಗದೆ ಇರುತ್ತದೆಯೇ?

ದೇವರು ಬಂದ ಮೇಲೆ ಅವನ ವಾರವೂ ಬಂತು. ಸೋಮವಾರ ಬೀರಪ್ಪನದು, ಮಂಗಳವಾರ ದುರುಗಮ್ಮನದು, ಗುರುವಾರ ಕೊಟ್ಟೂರಯ್ಯನದು, ಶುಕ್ರವಾರ ಉಚ್ಚಂಗೆಮ್ಮನದು, ಶನಿವಾರ ಹನುಮಪ್ಪನದು, ಭಾನುವಾರ ಮೈಲಾರನದು. ಬುಧವಾರ ಮಾತ್ರ ಯಾರದೂ ಆಗದೆ ಉಳಿದಿತ್ತು. ವಾರ ಹಿಡಿಯುವುದೆಂದರೆ ಒಪ್ಪತ್ತು. ಬೆಳಗ್ಗೆ ಮಿಂದು, ಆ ದೇವರಿಗೆ ಸಲ್ಲುವ ಎಡೆಯನ್ನು ಬೇರೆ ಮಡಕೆಯಲ್ಲಿ ಬೇಯಿಸಿ, ಸಂಜೆ ದೀಪ ಹಚ್ಚುವ ತನಕ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕದೆ, ಆಮೇಲೆ ಒಂದು ಊಟ. ಕೂಸು ನಿಲ್ಲಬೇಕಾದದ್ದು ಹಂಪವ್ವನ ಹೊಟ್ಟೆಯಲ್ಲಿ. ಹಾಗಾಗಿ ಹರಕೆ ಹೊತ್ತವಳು ಅತ್ತೆ, ವಾರ ಹಿಡಿದವಳು ಸೊಸೆ.

ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಹಂಪವ್ವನಿಗೆ ಮತ್ತೆ ನಾಲ್ಕು ತಿಂಗಳಾಗಿತ್ತು. ಸೂಲಗಿತ್ತಿ ಕಾಟಮ್ಮ ಬಂದು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ತೋಳು ಹಿಡಿದು ನೋಡಿದಳು.

"ಏನ್ ತಿಂತಿಯವ್ವ?"

"ಬುಧವಾರ ಚೆನ್ನಾಗಿ ತಿಂತೀನಿ," ಅಂದಳು ಹಂಪವ್ವ.

"ಕೂಸೇನು ಬುಧವಾರ ಒಂದೇ ಬೆಳಿತೈತೇನು?"

ಒಲೆಯ ಮುಂದಿದ್ದ ಕೊಟ್ರವ್ವ ಅಲ್ಲಿಂದಲೇ ಹೇಳಿದಳು: "ಕಾಟಮ್ಮ, ನೀನು ಕೂಸು ಹಿಡಿಯಾಕಿ. ಕೊಡಾರು ಬೇರೆ ಅದಾರೆ."

"ಹಿಡಿಯಾಕೆ ಏನಾರ ಇರಬೇಕಲ್ಲ ಕೊಟ್ರಕ್ಕ," ಎಂದು ಕಾಟಮ್ಮ ಎಲೆಯಡಿಕೆ ಉಗುಳಲು ಹೊರಗೆ ಹೋದಳು.

ಅವತ್ತು ಕೆಂಚವೀರಪ್ಪ ಗಿರಣಿಯಿಂದ ಬಂದು, ತಲೆಗೂದಲಿನಲ್ಲಿ ಸಿಕ್ಕಿದ್ದ ಹತ್ತಿಯ ಎಳೆಗಳನ್ನು ಕೊಡವಿಕೊಂಡು ಊಟಕ್ಕೆ ಕೂತ. ತಟ್ಟೆಗೆ ಬಿಸಿ ರೊಟ್ಟಿ, ಹುರುಳಿಕಾಳಿನ ಸಾರು ಬಂತು. ಬಡಿಸಿದ ಹಂಪವ್ವ ಗೋಡೆ ಹಿಡಿದುಕೊಂಡು ನಿಂತಳು.

"ಯವ್ವ, ಇವಳು ಉಂಡಾಳೇನು?"

"ದೀಪ ಹಚ್ಚಿಲ್ಲ ಇನ್ನೂ."

"ಹಚ್ಚು ಮತ್ತೆ."

"ಹೊತ್ತು ಮುಳುಗಬೇಕಪ್ಪ. ಗಿರಣಿ ಕೂಗಿದಂಗೆ ದೀಪ ಹಚ್ಚಾಕೆ ಬರ್ತೈತೇನು?"

"ಎರಡು ಸಲಾನೂ ವಾರ ಹಿಡಿದೇ ಇದ್ಲಲ್ಲ. ಏನು ಉಳೀತು?"

"ಹಿಡಿದ ವಾರ ಕಮ್ಮಿ ಬಿದ್ದಿದ್ವು," ಅಂದಳು ಕೊಟ್ರವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲಕ್ಕೆ ಗೊಬ್ಬರ ಕಡಿಮೆ ಬಿತ್ತು ಅನ್ನುವ ಹಾಗೆ ಹೇಳಿದಳು.

ಪಡಸಾಲೆಯಲ್ಲಿ ಉಣ್ಣೆ ನೂಲುತ್ತಿದ್ದ ಅವಳ ಗಂಡ ಸಣ್ಣಬೀರಪ್ಪ ಕೆಮ್ಮಿದ. ಅವನು ಮಾತಿಗಿಂತ ಕೆಮ್ಮಿನಲ್ಲೇ ಹೆಚ್ಚು ಹೇಳುವ ಮನುಷ್ಯ. ಊರಿನ ಹೊಲವನ್ನು ಪಾಲಿಗೆ ಕೊಟ್ಟು ಬಂದ ಮೇಲೆ ಕಂಬಳಿ ಅಂಗಡಿಗೆ ನೂಲು ಮಾಡಿಕೊಡುತ್ತಿದ್ದ. ಮರುದಿನ ನೂಲು ಕೊಟ್ಟು ಬರುವಾಗ ಮಂಡಕ್ಕಿ ಭಟ್ಟಿಯ ಮುಂದೆ ನಿಂತ. ಪಕ್ಕದ ಮನೆಯ ಮುನಾಫ್ ಅಲ್ಲಿ ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದ.

"ಬಿಸೀದು ಹಾಕ್ಲೇನು ಮಾವ? ಹಲ್ಲು ಅದಾವಾ?"

"ನನಗಲ್ಲಪ್ಪ. ಪುಠಾಣಿ ಜಾಸ್ತಿ ಹಾಕು."

ಕಂಬಳಿಯ ಮಡಿಕೆಯಲ್ಲಿ ಮಂಡಕ್ಕಿ ಮನೆಗೆ ಬಂತು. ಒಳಮನೆಯಲ್ಲಿ ಮಡಚಿಟ್ಟ ಕೌದಿಯ ಕೆಳಗೆ ಅದನ್ನಿಟ್ಟು ಸಣ್ಣಬೀರಪ್ಪ ಒಂದು ಸಲ ಕೆಮ್ಮಿದ. ಹಂಪವ್ವ ಕಸ ಹೊಡೆಯುವ ನೆಪದಲ್ಲಿ ಒಳಗೆ ಹೋದಳು. ಮಾವ ಸೊಸೆ ಈ ಬಗ್ಗೆ ಒಂದು ಮಾತನ್ನೂ ಆಡಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಮುದುಕನಿಗೆ ದಿನಾ ಕೆಮ್ಮು ಹತ್ತಿತು.

"ಬಿಸಿಲುಗಾಲದಾಗೆ ಎಂಥ ಕೆಮ್ಮ್ರೀ ಇದು," ಎಂದು ಕೊಟ್ರವ್ವ ಶುಂಠಿ ಕಷಾಯ ಕಾಸಿ ಕೊಟ್ಟಳು. ಅವನು ಮುಖ ಕಿವುಚಿಕೊಂಡು ಕುಡಿದ.

ಆ ವರ್ಷ ರಂಜಾನ್ ತಿಂಗಳು ಫಾಲ್ಗುಣದಲ್ಲೇ ಬಂದಿತ್ತು. ಮುನಾಫನ ಹೆಂಡತಿ ಹಜೀರಾಬೀ ನೀರನ್ನೂ ಕುಡಿಯದೆ ರೋಜಾ ಇರುತ್ತಿದ್ದಳು. ಅದಕ್ಕಾಗಿ ಕೊಟ್ರವ್ವನಿಗೆ ಅವಳ ಮೇಲೆ ಗೌರವ. ಒಂದು ಮಧ್ಯಾಹ್ನ ಮೋಟುಗೋಡೆಯ ಆಚೆ ಹಜೀರಾಬೀಯ ಮಗಳು ಬೇವಿನ ನೆರಳಿನಲ್ಲಿ ಕೂತು ಅನ್ನ ಉಣ್ಣುತ್ತಿದ್ದುದು ಕಂಡಿತು. ಅವಳು ಹೆರಿಗೆಗೆಂದು ತವರಿಗೆ ಬಂದಿದ್ದಳು.

"ಏನೇ ಹಜೀರಾ, ಮಗಳು ಹಾಡುಹಗಲೇ ಉಣ್ಣಾಕತ್ಯಾಳಲ್ಲ?"

"ಬಸುರಿ ಅಲ್ಲೇನಕ್ಕ. ಬಸುರಿಗೆ ರೋಜಾ ಮಾಫಿ. ಮೈ ಹಗುರಾದ್ಮೇಲೆ ಹಿಡಿದು ತೀರಸ್ತಾಳೆ."

"ಮಾಫಿ ಯಾರು ಕೊಟ್ರು?"

"ಖುದಾನೇ ಕೊಟ್ಟಾನೆ. ಹಸಿವು ಅಂದ್ರೆ ಏನಂತ ಅವನಿಗೆ ಗೊತ್ತಿಲ್ಲೇನು?"

ಕೊಟ್ರವ್ವ ಗೋಡೆಯ ಮೇಲೆ ಒಣಗುತ್ತಿದ್ದ ಮೆಣಸಿನಕಾಯಿಯನ್ನು ಹರವಿದಳು, ಮತ್ತೆ ಹರವಿದಳು. "ನಿಮ್ಮೋನು ಒಬ್ಬನೇ," ಅಂದಳು ಕೊನೆಗೆ. "ಕೇಳಾಕೂ ಸಲೀಸು."

ಆದರೂ ಮುಂದಿನ ಸೋಮವಾರ ಅವಳು ಕೇಳಿದಳು. ಅವರ ಮನೆತನದಲ್ಲಿ ದೇವರ ಅಪ್ಪಣೆ ಕೇಳುವ ರೀತಿ ಒಂದಿತ್ತು. ಬಿಳಿ ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ದೇವರ ಹಣೆಗೆ ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿ, ಕೈಮುಗಿದು ಕಾಯಬೇಕು. ಹೂ ಬಲಕ್ಕೆ ಬಿದ್ದರೆ ಒಪ್ಪಿದ ಹಾಗೆ, ಎಡಕ್ಕೆ ಬಿದ್ದರೆ ಇಲ್ಲ ಎಂದ ಹಾಗೆ.

"ಬೀರಪ್ಪ, ಸೊಸೆ ಸೊರಗ್ಯಾಳೆ. ಹಡೆಯೋ ತನಕ ಅವಳ ವಾರ ಬಿಡಿಸಪ್ಪ."

ಹೂ ಜಾರಿತು. ಜಾರಿ, ಬೀರಪ್ಪನ ಕೆನ್ನೆಗೂ ಅವನನ್ನು ಒತ್ತಿಕೊಂಡು ಕೂತಿದ್ದ ದುರುಗಮ್ಮನ ಕಿರೀಟಕ್ಕೂ ನಡುವೆ ಸಿಕ್ಕಿಕೊಂಡಿತು. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಕೊಟ್ರವ್ವ ಹೊತ್ತೇರುವವರೆಗೆ ಕೂತಳು. ಮರುದಿನ ದುರುಗಮ್ಮನನ್ನು ಕೇಳಿದಳು. ಆ ಹೂ ಹನುಮಪ್ಪನ ಬೆನ್ನಿಗೆ ಆನಿಕೊಂಡು ಅಲ್ಲೇ ಬಾಡಿತು.

"ಬಾಯಿ ಬಿಡವಲ್ರು," ಎಂದು ಗಂಡನ ಮುಂದೆ ಹೇಳಿಕೊಂಡಳು. "ಏನೋ ತಪ್ಪಾಗೈತೆ ನಮ್ಮಿಂದ."

ಏನು ತಪ್ಪೆಂಬುದು ಯುಗಾದಿಯ ಸ್ವಚ್ಛತೆ ಮಾಡುವಾಗ ತನಗೆ ತಿಳಿಯಿತೆಂದು ಅವಳು ಅಂದುಕೊಂಡಳು. ಹಬ್ಬಕ್ಕೆ ಇನ್ನೂ ಏಳೆಂಟು ದಿನವಿತ್ತು. ಕಾಳಿನ ಗುಡಾಣ, ಬೀಸುವ ಕಲ್ಲು, ಆರು ದೇವರ ಎಡೆಯ ಆರು ಮಡಕೆ ಎಲ್ಲ ಅಂಗಳಕ್ಕೆ ಬಂದವು. ಕೆಂಚವೀರಪ್ಪ ರಜೆ ಹಾಕಿ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಕೊಟ್ರವ್ವ ಒಳಮನೆಯ ಕೌದಿ ಎಳೆದು ಕೊಡವಿದಳು. ಮಂಡಕ್ಕಿ ಕಾಳು ಮಲ್ಲಿಗೆ ಮೊಗ್ಗಿನ ಹಾಗೆ ಸಗಣಿ ಸಾರಿಸಿದ ನೆಲದ ತುಂಬ ಚೆಲ್ಲಿದವು.

ಅವಳು ಬಗ್ಗಿ ಒಂದು ಕಾಳು ಎತ್ತಿಕೊಂಡಳು. "ಯಾರು ತಿಂದಿದ್ದು ಇದು?"

"ನಾನೇ ಅತ್ತಿ," ಅಂದಳು ಹಂಪವ್ವ.

"ಎಂದು?"

"ಸೋಮವಾರ ತಿಂದೆ. ಮಂಗಳವಾರ ತಿಂದೆ. ಬುಧವಾರ ಮಾತ್ರ ತಿನ್ನಲಿಲ್ಲ, ಅವತ್ತು ರೊಟ್ಟಿ ಇತ್ತಲ್ಲ."

ಸಣ್ಣಬೀರಪ್ಪ ಬಾಗಿಲಿಗೆ ಬಂದು ನಿಂತ. ಈ ಸಲ ಕೆಮ್ಮಲಿಲ್ಲ. "ತಂದೋನು ನಾನು. ಪಾಪ ಬಂದ್ರೆ ನನಗೆ ಬರ್ಲಿ. ನನಗೆ ಹೆಂಗೂ ವಯಸ್ಸಾತು."

"ನಾನು ಕೊಟ್ಟ ಕಷಾಯ?"

"ಕುಡಿದ್ನಲ್ಲ. ಅದೇ ಶಿಕ್ಷೆ ಆತು."

ಕೊಟ್ರವ್ವ ನೆಲದ ಮೇಲೆ ಕೂತುಬಿಟ್ಟಳು. "ಅದಕ್ಕೇ ಹೂ ಬೀಳ್ಲಿಲ್ಲ. ಐದನೇ ತಿಂಗಳು ಬಂತು. ಈಗ ಹರಕೆ ಮುರಿದು ಕೂತಿರಲ್ಲ, ಈ ಕೂಸನ್ನ ಯಾರ ಕೈಗೆ ಕೊಡಬೇಕು ಅಂತ ಮಾಡೀರಿ?"

"ಅತ್ತಿ, ನನಗೂ ಅಂಜಿಕೆ ಐತೆ," ಅಂದಳು ಹಂಪವ್ವ. "ಆದ್ರೆ ಅಂಜಿಕೆಗಿಂತ ಹಸಿವು ಮೊದ್ಲು ಬರ್ತೈತೆ. ಏನ್ ಮಾಡ್ಲಿ ಹೇಳ್ರಿ." ಹಾಗೆನ್ನುತ್ತ ಬಿಂದಿಗೆ ಎತ್ತಲು ಬಗ್ಗಿದವಳು ಕಣ್ಣಿಗೆ ಕತ್ತಲೆ ಬಂದು ಗುಡಾಣ ಹಿಡಿದುಕೊಂಡಳು.

ಕೆಂಚವೀರಪ್ಪ ಸುಣ್ಣದ ಕುಂಚ ಕೆಳಗಿಟ್ಟ. "ಸಾಕು. ಬುಧವಾರ ನೀವು ದೇವ್ರನ್ನ ತೊಳಿಯಾಕೆ ಹರಿಹರಕ್ಕೆ ಹೋಗ್ತೀರಲ್ಲ, ಇವಳನ್ನೂ ಕರ್ಕಂಡು ಹೋಗ್ರಿ. ಇವಳ ಅಣ್ಣ ಬೊಮ್ಮಣ್ಣಗೆ ಹೇಳಿ ಕಳಿಸ್ತೀನಿ, ಹೊಳಿ ದಂಡಿಗೆ ಬಂದು ಕರ್ಕಂಡು ಹೋಗ್ಲಿ. ಹಡೆಯೋ ತನಕ ಅಲ್ಲೇ ಇರ್ಲಿ."

"ಐದನೇ ತಿಂಗಳಾಗೆ ಸೊಸೆನ್ನ ಹೊರಗೆ ಹಾಕಿದ್ರು ಅಂತಾರೆ ಮಂದಿ."

"ಉಪವಾಸ ಕೆಡವಿದ್ರು ಅನ್ನೋದಕ್ಕಿಂತ ವಾಸಿ ಅಲ್ಲೇನವ್ವ?"

ಆ ಸಂಜೆ ದೀಪ ಹಚ್ಚಿದ ಮೇಲೂ ಕೊಟ್ರವ್ವ ಊಟಕ್ಕೆ ಕೂರಲಿಲ್ಲ.

ಯುಗಾದಿಗೆ ಮುಂಚೆ ಮನೆದೇವರುಗಳನ್ನು ಹೊಳೆಗೆ ಒಯ್ದು ತೊಳೆದು ತರುವುದು ಅವರ ವಾಡಿಕೆ. ಬುಧವಾರವೇ ಹೋಗುತ್ತಿದ್ದರು, ಅವತ್ತು ಯಾವ ದೇವರಿಗೂ ಮನೆಯಲ್ಲಿ ಕೆಲಸವಿರುತ್ತಿರಲಿಲ್ಲ. ಬೆಳಗಿನ ರೈಲಿನಲ್ಲಿ ಕೊಟ್ರವ್ವ ದೇವರ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಪಕ್ಕದಲ್ಲಿ ಹಂಪವ್ವ, ಅವಳ ಕಾಲ ಬಳಿ ಸೀರೆಯ ಗಂಟು. ಹೊರಡುವ ಮುಂಚೆ ಅತ್ತೆಯೇ ಕಟ್ಟಿಕೊಟ್ಟ ಬುತ್ತಿಯನ್ನು ಹಂಪವ್ವ ಬಿಚ್ಚಿದಳು. ಬುಧವಾರವಲ್ಲವೇ.

"ಶೇಂಗಾ ಚಟ್ನಿ ಕೆಳಗೈತೆ, ಅದನ್ನೂ ಹಚ್ಕ," ಅಂದಳು ಕೊಟ್ರವ್ವ, ಕಿಟಕಿಯ ಕಡೆ ನೋಡುತ್ತ.

ಹರಿಹರದಲ್ಲಿ ತುಂಗಭದ್ರೆ ಇಳಿದಿದ್ದಳು. ಮೆಟ್ಟಿಲು ಮುಗಿದ ಮೇಲೂ ಬಹಳ ದೂರ ಮರಳು, ಅದರಾಚೆ ತೆಳ್ಳಗಿನ ನೀರು. ಹೊಂಗೆ ಮರ ಹೊಸ ಎಲೆ ತೊಟ್ಟಿತ್ತು. ಬೊಮ್ಮಣ್ಣ ಛತ್ರಿ ಹಿಡಿದು ಆಗಲೇ ಬಂದು ನಿಂತಿದ್ದ.

"ಬರ್ರಿ ಅತ್ತಿ. ಆರಾಮೇನ್ರಿ?"

"ಆರಾಮು. ಅವಸರ ಮಾಡಬ್ಯಾಡಪ್ಪ, ದೇವ್ರ ಕೆಲಸ ಮುಗೀಲಿ."

ಅವಳು ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಾಳೆ ದೇವರನ್ನು ತಿಕ್ಕಿದಳು, ಕಲ್ಲಿನ ಹನುಮಪ್ಪನನ್ನು ತೊಳೆದಳು, ಪಟಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಸಣ್ಣಬೀರಪ್ಪ ತಾನೇ ನೂತ ಕರಿ ಕಂಬಳಿಯನ್ನು ಮರಳಿನ ಮೇಲೆ ಹಾಸಿದ. ತೊಳೆದ ದೇವರುಗಳನ್ನು ಒಂದರ ನೀರು ಇನ್ನೊಂದಕ್ಕೆ ತಾಗದ ಹಾಗೆ ದೂರ ದೂರ ಒಣಗಲು ಇಟ್ಟರು. ಬಿಸಿಲಿನಲ್ಲಿ ಆರು ದೇವರೂ ಪಕ್ಕದವರ ಗೊಡವೆಯಿಲ್ಲದೆ ಕೂತಿದ್ದರು.

ಎದ್ದು ಹೊರಡುವ ಮೊದಲು ಕೊಟ್ರವ್ವ ಸೆರಗಿನಲ್ಲಿ ಕಟ್ಟಿ ತಂದಿದ್ದ ಕಣಗಿಲೆ ಹೂ ಬಿಚ್ಚಿದಳು. ಹೊಳೆಯಲ್ಲಿ ಅದ್ದಿ ಬೀರಪ್ಪನ ಹಣೆಗೆ ಅಂಟಿಸಿದಳು.

"ಕೊನೇದಾಗಿ ಕೇಳ್ತೀನಪ್ಪ. ಈ ಹುಡುಗಿ ತಿಂದಾಳೆ, ಹಸಿವಾಗಿ ತಿಂದಾಳೆ. ಅವಳಿಗೆ ಮಾಫಿ ಕೊಡು. ಹರಕೆ ಹೊತ್ತಾಕಿ ನಾನು, ವಾರ ನಾನೇ ಹಿಡೀತೀನಿ."

ಹೂ ಜಾರಿತು. ಸವೆದ ಮೂಗಿನ ಪಕ್ಕದಿಂದ ಇಳಿದು, ತಡೆಯಲು ಯಾರೂ ಇಲ್ಲದೆ, ಬಲಗಡೆ ಕಂಬಳಿಯ ಮೇಲೆ ಬಿತ್ತು.

ಕೊಟ್ರವ್ವ ಬಗ್ಗಿ ಅದನ್ನೇ ನೋಡಿದಳು.

"ಗಾಳಿ ಬೀಸ್ತಲ್ಲೇನು?" ಅಂದ ಬೊಮ್ಮಣ್ಣ.

"ಗಾಳಿ ಅಂದ್ರೆ ಯಾರಣ್ಣ? ಹನುಮಪ್ಪನ ಅಪ್ಪನೇ ಅಲ್ಲೇನು?" ಅಂದಳು ಹಂಪವ್ವ. "ಅವನೂ ಒಪ್ಪಿದಂಗಾತು."

ಕೊಟ್ರವ್ವ ಮತ್ತೊಂದು ಹೂ ಅದ್ದಿ ದುರುಗಮ್ಮನಿಗೆ ಇಟ್ಟಳು. ಅದೂ ಬಲಕ್ಕೆ ಬಿತ್ತು. ಅವಳು ಗಂಡನ ಮುಖ ನೋಡಿದಳು. "ಮನ್ಯಾಗೆ ಯಾಕ ಬೀಳ್ಲಿಲ್ಲ ಹಂಗಾದ್ರೆ?"

"ಬೀಳಾಕೆ ಅಲ್ಲಿ ಜಾಗ ಎಲ್ಲಿತ್ತು?" ಅಂದ ಸಣ್ಣಬೀರಪ್ಪ.

ಅವಳು ಕಂಬಳಿಯನ್ನೂ ಅದರ ಮೇಲಿನ ದೇವರುಗಳನ್ನೂ ಬಹಳ ಹೊತ್ತು ನೋಡಿದಳು. ಕಣ್ಣು ಒರೆಸಿಕೊಂಡಳು. ಅವಳ ಬಾಯಲ್ಲಿ ಮನೆಯಲ್ಲಿ ಹೂ ಬೀಳದಿದ್ದಾಗ ಆಡಿದ ಮಾತೇ ಮತ್ತೆ ಬಂತು: "ತಪ್ಪಾಗಿತ್ತು ನಮ್ಮಿಂದ."

"ಆತು, ಎದ್ದೇಳು. ಎಲ್ಲಾ ವಾರಾನೂ ನೀನೇ ಹಿಡೀತೀನಿ ಅಂದ್ಯಲ್ಲ, ನಿನ್ನ ಹೊತ್ತು ತಿರುಗಾಕೆ ನನ್ನ ಕೈಲಾಗಲ್ಲ ನೋಡು." ಅವನು ಮೆಟ್ಟಿಲ ಮೇಲಿನ ಹರಿಹರೇಶ್ವರನ ಗುಡಿಯ ಕಡೆ ಕೈ ಮಾಡಿದ. "ಅಲ್ಲಿ ಇಬ್ರು ಒಂದೇ ಮೈಯಾಗೆ ಹೊಂದ್ಕಂಡು ನಿಂತಾರೆ. ನಿನ್ನೋರು ಒಂದು ದಿನದಾಗೆ ಹೊಂದ್ಕಳಲ್ಲೇನು?"

"ಯಾವ ದಿನ? ಸೋಮವಾರ ಹಿಡಿದ್ರೆ ದುರುಗಮ್ಮ ಮುನಿತಾಳೆ. ಶುಕ್ರವಾರ ಹಿಡಿದ್ರೆ ಮೈಲಾರ ಸುಮ್ಮನಿರ್ತಾನಾ?" ಅವಳು ಬೆರಳು ಮಡಚುತ್ತ ಹೋಗಿ ಒಂದರ ಮೇಲೆ ನಿಂತಳು. "ಬುಧವಾರ. ಅದು ಯಾರದೂ ಅಲ್ಲ. ಯಾರಿಗೂ ಸಿಟ್ಟು ಬರಲ್ಲ."

ಆಮೇಲೆ ಅವಳು ಉಳಿದ ನಾಲ್ಕು ದೇವರ ಹತ್ತಿರವೂ ಕೂತು ಮಾತಾಡಿದಳು, ಬೀಳ್ಕೊಡಲು ಹೂವಿಟ್ಟು ಅಪ್ಪಣೆ ಕೇಳಿದಳು; ಎಲ್ಲರ ಹೂವೂ ಬಲಕ್ಕೇ ಬಿತ್ತು. ಹನುಮಪ್ಪ ಹೊಳೆಯ ಕಲ್ಲಿನಲ್ಲಿ ಕಡೆದವನು, ಹೊಳೆಗೇ ಇಳಿದ. ಮೈಲಾರನ, ಕೊಟ್ಟೂರಯ್ಯನ ಬಣ್ಣಗೆಟ್ಟ ಪಟಗಳೂ ನೀರಿಗೆ ಹೋದವು. ಅವರಿಗೆ ಅವರವರ ಗುಡಿಗಳಿವೆ, ಕಾಲಿಗೆ ಬಲವಿರುವಾಗ ಅಲ್ಲಿಗೇ ಹೋಗಿ ಕೈಮುಗಿದು ಬರುವೆನೆಂದು ಹೇಳಿಕೊಂಡಳು. ಕೊನೆಗೆ ಉಚ್ಚಂಗೆಮ್ಮನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬೊಮ್ಮಣ್ಣನ ಕೈಗಿಟ್ಟಳು.

"ನೀನು ಕರ್ಕಂಡು ಹೋಗಾಕೆ ಬಂದಿದ್ದು ಈ ತಾಯಿನ್ನ ಅಂತ ತಿಳ್ಕಳಪ್ಪ. ತವರಿಗೆ ಇವಳು ಬರ್ತಾಳೆ. ಹಂಪವ್ವ ನನ್ನ ಕೂಡ ಬರ್ತಾಳೆ."

ಬೊಮ್ಮಣ್ಣ ತಂಗಿಯ ಕಡೆ ನೋಡಿದ. ಹಂಪವ್ವ ಅತ್ತೆಯನ್ನು ನೋಡಿದಳು, ತನ್ನ ಗಂಟನ್ನು ನೋಡಿದಳು.

"ನಾಳೆ ಗುರುವಾರ ಅತ್ತಿ. ಬೆಳಿಗ್ಗೆ ಏನು ಊಟ?"

"ರೊಟ್ಟಿ. ನಿನ್ನೆ ಕಡೆದ ಬೆಣ್ಣಿ ಐತೆ."

"ಅಣ್ಣ, ನೀನು ಹೋಗಪ್ಪ. ಅತ್ತಿಗೆಮ್ಮಗೆ ಕೇಳ್ದೆ ಅಂತ ಹೇಳು," ಎಂದು ಹಂಪವ್ವ ಗಂಟನ್ನು ಮಾವನ ಕೈಗೆ ಕೊಟ್ಟಳು.

ಆ ಯುಗಾದಿ ಶುಕ್ರವಾರ ಬಂತು. ಆರು ಮಡಕೆಗಳಲ್ಲಿ ಎರಡು ಒಲೆಯ ಹತ್ತಿರ ಉಳಿದವು; ಉಳಿದವನ್ನು ಕೊಟ್ರವ್ವ ಬೋರಲು ಹಾಕಿ ಅಟ್ಟಕ್ಕೆ ಏರಿಸಿದಳು. ಹಂಪವ್ವ ಬೇವುಬೆಲ್ಲ ತಿಂದು, ಹೋಳಿಗೆ ತಿಂದು, ಬಿಸಿಲು ಏರುವ ಮೊದಲೇ ಮಲಗಿ ನಿದ್ದೆ ಹೋದಳು. ಎಬ್ಬಿಸಬೇಡಿರೆಂದು ಕೊಟ್ರವ್ವ ಗಂಡನಿಗೂ ಮಗನಿಗೂ ಬಾಯಿಯ ಮೇಲೆ ಬೆರಳಿಟ್ಟು ಹೇಳಿದಳು. ಮರುದಿನ ಸಂಜೆ ಚಂದ್ರನನ್ನು ನೋಡಲು ಎಲ್ಲರೂ ಅಂಗಳಕ್ಕೆ ಬಂದಾಗ ಗೋಡೆಯಾಚೆ ಹಜೀರಾಬೀಯ ಮನೆಯವರೂ ಅದೇ ದಿಕ್ಕಿಗೆ ಕತ್ತೆತ್ತಿ ನಿಂತಿದ್ದರು.

"ಅಗಾ, ಆ ಬೇವಿನ ಟೊಂಗೆ ಮ್ಯಾಲೆ," ಎಂದು ಮುನಾಫ್ ಎರಡೂ ಮನೆಗೆ ತೋರಿಸಿದ. ಕೊಟ್ರವ್ವ ಹೋಳಿಗೆಯ ತಟ್ಟೆಯನ್ನು ಗೋಡೆಯ ಮೇಲಿಟ್ಟಳು.

ಬುಧವಾರ ಬಂತು. ಕೊಟ್ರವ್ವ ನಸುಕಿನಲ್ಲೇ ಮಿಂದು ಜಗಲಿಯ ಮುಂದೆ ಕೂತಳು. ಬೀರಪ್ಪ ಒಂದು ಕಡೆ, ದುರುಗಮ್ಮ ಒಂದು ಕಡೆ, ನಡುವೆ ಬರಿಯ ಕೆಮ್ಮಣ್ಣು ಬಳಿದ ನೆಲ. ಹೂವೇರಿಸಿ, ಏನನ್ನೂ ಕೇಳದೆ ಎದ್ದು ಬಂದು ಒಲೆ ಹೊತ್ತಿಸಿದಳು. ಸೊಸೆಗೆ ರೊಟ್ಟಿ ಬಡಿದು ಹಾಕುತ್ತಿರುವಾಗ ಒಳಮನೆಯಲ್ಲಿ ಸಣ್ಣಬೀರಪ್ಪ ಕೆಮ್ಮಿದ. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ತನ್ನ ಕೌದಿ ಎತ್ತಿ ನೋಡಿದಳು.

"ಇದೇನ್ರಿ ಇದು?"

"ಮಂಡಕ್ಕಿ."

"ನಾನು ಅಂಥಾಕಿ ಅಲ್ಲ."

"ಸಂಜಿಗೆ ಅಂತ ಇಟ್ಟೀನಿ ಮಾರಾಯ್ತಿ. ಬಿಸಿ ಇರ್ಲಿ ಅಂತ ಕೌದಿ ಹೊದಿಸಿದೆ."

ಒಲೆಯ ಮುಂದೆ ಕೂತಿದ್ದ ಹಂಪವ್ವ ಬಾಯಲ್ಲಿ ತುತ್ತಿಟ್ಟುಕೊಂಡೇ ನಕ್ಕಳು. ನಗುತ್ತ ನಗುತ್ತ ತಟ್ಟನೆ ನಿಲ್ಲಿಸಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ನಗು ನಿಂತದ್ದು ಕೇಳಿ ಕೊಟ್ರವ್ವ ಒಳಮನೆಯಿಂದ ಓಡಿ ಬಂದಳು.

"ಏನಾತು?"

"ಅತ್ತಿ, ಇಲ್ಲಿ ಕೈ ಇಡ್ರಿ."

ಕೊಟ್ರವ್ವ ಹಿಟ್ಟು ಮೆತ್ತಿದ ಅಂಗೈಯನ್ನು ಸೊಸೆಯ ಸೀರೆಯ ಮೇಲೆ ಇಟ್ಟು ಉಸಿರು ಹಿಡಿದಳು. ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಹಿಂದಿನ ಎರಡು ಬಸಿರೂ ಈ ತಿಂಗಳವರೆಗೆ ಬಂದಿದ್ದರೂ ಒಮ್ಮೆಯೂ ಸಿಗದಿದ್ದ ಆ ಮಿಸುಕಾಟ, ಒಳಗಿನಿಂದ ಯಾರೋ ಮೆಲ್ಲಗೆ ಕದ ತಟ್ಟಿದ ಹಾಗೆ, ಅವಳ ಕೈಗೆ ತಾಗಿತು.

ಅವಳು ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಹೆಂಚಿನ ಮೇಲಿನ ರೊಟ್ಟಿ ತೆಗೆದು ಸೊಸೆಯ ತಟ್ಟೆಗೆ ಹಾಕಿದಳು.

"ಉಣ್ಣು," ಅಂದಳು. "ಅದಕ್ಕಿನ್ನೂ ಸಾಕಾಗಿಲ್ಲ."